ಪಟ್ಟಿಯಲ್ಲಿಲ್ಲದ ಕಾರ್ಡು

ಫೋನ್ ಮಾಡಿದ್ದು ಸೋಮವಾರ ಬೆಳಿಗ್ಗೆಯೋ ಮಧ್ಯಾಹ್ನವೋ, ಆ ಕಡೆಯವನ ದನಿ ಎಳೆಯದಾಗಿತ್ತೋ ದಪ್ಪಗಿತ್ತೋ, ಈಗ ಖಾತ್ರಿಯಿಲ್ಲ. ಕೆಲವು ವಿವರಗಳನ್ನು ನಾನು ತಪ್ಪಾಗಿಯೇ ಹೇಳುತ್ತಿರಬಹುದು. (ನನ್ನ ನೆನಪನ್ನು ನಂಬಲಾರದೆಯೇ ದಿನಚರಿ ಬರೆಯುವವಳು ನಾನು. ಆ ವಾರ ಬರೆಯಲಿಲ್ಲ.) ಆದರೆ ಒಂದು ಮಾತು ಮಾತ್ರ ಅಕ್ಷರಶಃ ನೆನಪಿದೆ.

"ಮನೇಲಿ ಜೆಂಟ್ಸ್ ಯಾರಾದ್ರೂ ಇದ್ರೆ ಫೋನ್ ಕೊಡ್ತೀರಾ ಮೇಡಂ?"

ಕೊಡಲಿಲ್ಲ. ಕೊಡಲು ಯಾರೂ ಇರಲಿಲ್ಲ. ಇದ್ದಿದ್ದರೂ ಕೊಡುತ್ತಿರಲಿಲ್ಲ.

ವಿಷಯ ಇಷ್ಟು. ಹೊನ್ನಾವರದ ನಮ್ಮ ಮನೆಯಲ್ಲಿ ಫೋಟೋ, ರೆಕಾರ್ಡಿಂಗು ಕೂಡಿಡಲು ಒಂದು ಹೋಮ್ ಸರ್ವರ್ ಇದೆ. ಹೆಸರು ದೊಡ್ಡದು. ವಸ್ತು, ಭಟ್ಕಳದ ಯಾವುದೋ ಆಫೀಸು ಬೇಡವೆಂದು ಮಾರಿದ ಹಳೆಯ ಕಂಪ್ಯೂಟರ್. ಅದಕ್ಕೆ ನಾಲ್ಕು ಹಾರ್ಡ್‌ಡಿಸ್ಕ್ ಹೆಚ್ಚುವರಿಯಾಗಿ ಜೋಡಿಸಲು ಅಂಗೈಯಗಲದ ಒಂದು ಕಾರ್ಡು ಬೇಕಾಯಿತು. ತರಿಸಿದೆ. ಮದರ್‌ಬೋರ್ಡಿನ ಸಂದಿಯಲ್ಲಿ ನಾನೇ ಕೂರಿಸಿದೆ. ಎರಡು ವರ್ಷ ತಕರಾರಿಲ್ಲದೆ ನಡೆಯಿತು.

ಆ ಡಿಸ್ಕುಗಳಲ್ಲಿ ಇದ್ದದ್ದು ನನ್ನ ಚಿಕ್ಕಮ್ಮನ ದನಿ. ಮುರ್ಡೇಶ್ವರದವಳು. ಬುಟ್ಟಿ ಹೊತ್ತು ಮೀನು ಮಾರಿದವಳು, ಓದು ಬರಹ ಇಲ್ಲ, ಮಾತಿಗೆ ಬರವಿಲ್ಲ. ಅವಳು ಹೇಳಿದ್ದನ್ನೆಲ್ಲ ನಾನು ನಲವತ್ತು ತಾಸು ರೆಕಾರ್ಡ್ ಮಾಡಿದ್ದೆ. ಪ್ರತಿ ಇಟ್ಟಿರಲಿಲ್ಲವೇ ಎಂದು ಕೇಳುತ್ತೀರಿ. ಇಟ್ಟಿದ್ದೆ. ಒಂದು ಡಿಸ್ಕಿನದು ಇನ್ನೊಂದರಲ್ಲಿ. ನಾಲ್ಕೂ ನೇತಾಡುತ್ತಿದ್ದದ್ದು ಮಾತ್ರ ಅದೇ ಒಂದು ಕಾರ್ಡಿಗೆ. (ವಿಶ್ವವಿದ್ಯಾಲಯ ನನಗೆ ಎರಡು ಪದವಿ ಕೊಟ್ಟಿದೆ.)

ಚಿಕ್ಕಮ್ಮನಿಗೆ ಗಂಟಲಲ್ಲಿ ಗಡ್ಡೆ. ಗುರುವಾರ ಆಪರೇಷನ್. ದನಿ ಉಳಿಯುವ ಭರವಸೆ ಬೇಡ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದಕ್ಕೆ ನಾಲ್ಕು ದಿನ ಮುಂಚೆ, ಭಾನುವಾರ, ಅವಳು ನಮ್ಮ ಮನೆಗೆ ಬಂದಳು. ಬಂದವಳು ಚಹಾ ಕೂಡ ಕುಡಿಯದೆ ಹೇಳಿದಳು:

"ಅದ್ರಲ್ಲಿ ಒಬ್ಬರ ಮೇಲೆ ಸುಮ್ನೆ ತಪ್ಪು ಹಾಕಿದ್ದೆ ತಂಗಿ. ಅದು ಹಾಂಗೇ ಉಳೂಕೆ ಆಗೂದಿಲ್ಲ."

ಯಾರ ಮೇಲೆ ಎಂದೆ. ಬರೀ ಬಾಯಲ್ಲಿ ಹೇಳಿದರೆ ಮತ್ತೆ ಹೆಚ್ಚುಕಡಿಮೆ ಆಗುತ್ತದೆ, ರೆಕಾರ್ಡ್ ಹಾಕು, ಆ ಜಾಗ ಬಂದಾಗ ನಿಲ್ಲಿಸಿ ಸರಿ ಮಾಡಿ ಹೇಳುತ್ತೇನೆ ಎಂದಳು. ನ್ಯಾಯವಾದ ಮಾತು. ಮಷಿನ್ ಆನ್ ಮಾಡಿದೆ. ಹಿಂದಿನ ವಾರ ಕರೆಂಟು ಹೋದಾಗ ಆಫ್ ಮಾಡಿದ್ದು, ಮತ್ತೆ ಹಾಕಿರಲಿಲ್ಲ.

ಡಿಸ್ಕುಗಳು ಕಾಣಲಿಲ್ಲ. ಯಂತ್ರಕ್ಕೆ ಜೋಡಿಸಿದ ಎಲ್ಲದರ ಪಟ್ಟಿ ಪರದೆಯ ಮೇಲೆ ತೆಗೆದು ನೋಡಿದೆ. ಉಳಿದೆಲ್ಲ ಇತ್ತು, ಕಾರ್ಡಿನ ಹೆಸರೇ ಇಲ್ಲ. ಯಂತ್ರ ಏಳುವಾಗಲೇ ತೆರೆಯುವ ಮೂಲ ಸೆಟ್ಟಿಂಗು, ಬಯೋಸ್, ಹೊಕ್ಕು ನೋಡಿದೆ. ಇಲ್ಲ. ಮುಚ್ಚಳ ತೆಗೆದೆ. ಕಾರ್ಡು ತನ್ನ ಜಾಗದಲ್ಲಿ ಸಾಧುವಿನಂತೆ ಕೂತಿತ್ತು. ಒತ್ತಿದೆ. ಆಫ್ ಮಾಡಿ ಆನ್ ಮಾಡಿದೆ. ಇಲ್ಲವೆಂದರೆ ಇಲ್ಲ. ಚಿಕ್ಕಮ್ಮ ಕತ್ತಲಾಗುವ ತನಕ ಕೂತು, ಬಸ್ಸು ಹತ್ತಿದಳು.

ಮರುದಿನ ಕಾರ್ಡಿನ ಕಂಪನಿಗೆ ಮಾಡಿದ ಫೋನೇ ಆ ಜೆಂಟ್ಸ್ ಪ್ರಕರಣ. ಇಷ್ಟೆಲ್ಲ ಮಾಡಿ ನೋಡಿದ್ದೇನೆ ಎಂದು ವಿವರಿಸಿದ ಮೇಲೂ ಪ್ಲಗ್ ಹಾಕಿದೆಯಾ ನೋಡಿ ಎಂದ. ಕೊನೆಗೆ, ಕಾರ್ಡನ್ನು ನೀವು ಬಿಚ್ಚಬೇಡಿ, ಟೆಕ್ನಿಷಿಯನ್ನೇ ಬಿಚ್ಚಬೇಕು, ಇಲ್ಲದಿದ್ದರೆ ವಾರಂಟಿ ಹೋಗುತ್ತದೆ ಎಂದ. ಕೂರಿಸಿದವಳು ಬಿಚ್ಚಬಾರದೆ? ಆದರೂ ಬಿಚ್ಚಲಿಲ್ಲ. ಯಾಕೆ ಅವನ ಮಾತು ಕೇಳಿದೆ ಎಂದು ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಮಂಗಳವಾರ ಕುಮಟಾದ ರಿಪೇರಿ ಅಂಗಡಿಗೆ ಒಯ್ದೆ. ಒಯ್ದದ್ದು ಚಿಕ್ಕಮ್ಮನ ಮಗ ಮಾದೇವನ ಗಾಡಿಯಲ್ಲಿ. ಅವನು ಬೋಟಿನ ಎಂಜಿನ್ ಮೆಕ್ಯಾನಿಕ್. ಮಳೆಗಾಲದಲ್ಲಿ ಬೋಟುಗಳು ದಡ ಹತ್ತಿದರೆ ಪುರುಸೊತ್ತು. ಮುಚ್ಚಳ ಅಲುಗದಂತೆ ಟೇಪು ಸುತ್ತಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ಅಂಗಡಿಯವನು ನನ್ನನ್ನು ನೋಡಲೇ ಇಲ್ಲ. ಇದಕ್ಕೆ ಯಾರು ಕೈ ಹಾಕಿದ್ದು ಎಂದು ಮಾದೇವನನ್ನು ಕೇಳಿದ. ಮಾದೇವ ಗದ್ದದಲ್ಲೇ ನನ್ನ ಕಡೆ ತೋರಿಸಿದ. "ಅಕ್ಕನೇ. ಎಂತ ಕಂಡರೂ ಬಿಚ್ಚಿ ನೋಡೂ ಚಟ ಅವಳಿಗೆ."

ಇಬ್ಬರೂ ನಕ್ಕರು. ಅಂಗಡಿಯವನು ಪೆಟ್ಟಿಗೆಯ ನೆತ್ತಿಗೆ ಎರಡು ಸಲ ತಟ್ಟಿ, ಮದರ್‌ಬೋರ್ಡ್ ಹೋಗಿರಬೇಕು, ಇಟ್ಟು ಹೋಗಿ, ನೋಡುತ್ತೇನೆ ಎಂದ.

ಬುಧವಾರ ಚಿಕ್ಕಮ್ಮ ಆಸ್ಪತ್ರೆಗೆ ಹೊರಟಳು. ಸಂಜೆ ಅಲ್ಲಿಂದ ಫೋನ್ ಮಾಡಿ, "ಸರಿ ಆತಾ ನಿನ್ನ ಪೆಟ್ಟಿಗೆ?" ಎಂದಳು. ಇನ್ನೂ ಇಲ್ಲ ಎಂದೆ. "ಅಡ್ಡಿಲ್ಲ" ಎಂದಳು. ಹೆಸರೊಂದನ್ನಾದರೂ ಹೇಳು ಎಂದು ನಾನು ಆಗಲೇ ಕೇಳಬಹುದಿತ್ತು. ಯಾಕೆ ಕೇಳಲಿಲ್ಲ? ಕೇಳಿದರೆ ಅವಳ ದನಿ ಹೋಗುವುದು ಖಂಡಿತ ಎಂದು ನಾನೇ ಒಪ್ಪಿದಂತಾಗುತ್ತದೆ ಎನಿಸಿತ್ತೋ? ಅಥವಾ ಇದು ಆಮೇಲೆ ನಾನು ಕಟ್ಟಿಕೊಂಡ ಸಬೂಬೋ? ಗೊತ್ತಿಲ್ಲ.

ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಪೆಟ್ಟಿಗೆ ವಾಪಸು ತಂದೆ. ಹೊಸ ಮದರ್‌ಬೋರ್ಡೇ ಬೇಕು ಎಂದ ಅಂಗಡಿಯವನು. ನಾನು ಸುತ್ತಿದ ಟೇಪು ಸುತ್ತಿದ ಹಾಗೇ ಇತ್ತು. ಎರಡು ದಿನದಲ್ಲಿ ಮುಚ್ಚಳವನ್ನೂ ತೆಗೆಯದೆ ಒಳಗಿನ ರೋಗ ಹೇಳುವ ವೈದ್ಯರು ನಮ್ಮಲ್ಲಿ ಇನ್ನೂ ಇದ್ದಾರೆ.

ವಾರಂಟಿ ಹಾಳಾಗಲಿ ಎಂದು ಮನೆಗೆ ಬಂದವಳೇ ಸ್ಕ್ರೂ ಬಿಚ್ಚಿ ಕಾರ್ಡು ಎಳೆದೆ.

ಅಂಚಿನ ಚಿನ್ನದ ಬಣ್ಣದ ಗೆರೆಗಳು ಕಾಣಲೇ ಇಲ್ಲ. ಅವುಗಳ ಮೇಲೆ ಕಂದು ಬಣ್ಣದ ದಪ್ಪ ಗ್ರೀಸು. ಬೋಟಿನ ಎಂಜಿನ್ನಿನ ವಾಸನೆ. ಅದಕ್ಕೆ ಧೂಳು ಮೆತ್ತಿ ಗಟ್ಟಿಯಾಗಿತ್ತು. ಹಿಂದಿನ ವಾರ ಕರೆಂಟಿಲ್ಲದ ದಿನ ನಮ್ಮ ಗೇಟು, ಕಿಟಕಿಯ ತಿರುಗಣೆ, ಬಾವಿಯ ರಾಟೆ ಎಲ್ಲಕ್ಕೂ ಇದೇ ಗ್ರೀಸು ಹಚ್ಚಿ ಹೋದವನು ಮಾದೇವ. ಸಮುದ್ರದ ಗಾಳಿಗೆ ಸಿಗುವ ಯಾವ ಲೋಹವನ್ನೂ ಮಳೆಗಾಲದಲ್ಲಿ ಅವನು ಒಣಗಲು ಬಿಡುವುದಿಲ್ಲ.

ಸ್ಪಿರಿಟ್ಟಿನಲ್ಲಿ ಒರೆಸಿದೆ. ರಬ್ಬರಿನಿಂದ ಮೆಲ್ಲಗೆ ತಿಕ್ಕಿದೆ. ಬ್ರಶ್ಶಿನಿಂದ ಸಂದಿ ತೊಳೆದು, ಒಣಗಿಸಿ, ಕೂರಿಸಿದೆ. ಒಂದು ತಾಸಿನ ಕೆಲಸ. ಕಾರ್ಡು ಪಟ್ಟಿಗೆ ಬಂತು. ನಾಲ್ಕೂ ಡಿಸ್ಕು ಬಂದವು. ಮಾದೇವನಿಗೆ ಫೋನ್ ಮಾಡಿ, ಚಿಕ್ಕಮ್ಮನಿಗೆ ಕೊಡು ಎಂದೆ.

"ಒಳಗೆ ಕರ್ಕಂಡು ಹೋಗಿ ಎರಡು ತಾಸಾತು ಅಕ್ಕ."

ಗ್ರೀಸಿನ ವಿಷಯ ಕೇಳಿದೆ. ಸಂಕೋಚವೇ ಇಲ್ಲ. "ಉಪ್ಪು ಗಾಳಿಗೆ ಕಿಲುಬು ಹಿಡೀತದೆ ಅಂತ ಮುಚ್ಚಳ ತೆಗೆದು, ಕಾರ್ಡು ಎಳ್ದು ಒಂಚೂರು ಹಚ್ಚಿ ಮತ್ತೆ ಕೂರ್ಸಿದ್ದೆ. ಬೋಟು ಹಾಳಾಗದ್ದು ಇದು ಎಂತಕ್ಕೆ ಹಾಳಾಗೂದು?"

ಒಳ್ಳೆಯದಕ್ಕೇ ಮಾಡಿದ್ದ. ಒಪ್ಪುತ್ತೇನೆ. ಆದರೆ ಕುಮಟಾದಲ್ಲಿ ಕೈ ಹಾಕಿದ್ದು ಯಾರು ಎಂಬ ಪ್ರಶ್ನೆ ಬಂದಾಗ ಅವನ ಗದ್ದ ನನ್ನ ಕಡೆಗೇ ಯಾಕೆ ತಿರುಗಿತು? ತನ್ನ ಕೈಯೂ ಒಂದು ಕೈ ಎಂದು ಅವನಿಗೆ ಹೊಳೆಯಲೇ ಇಲ್ಲ. ಅಂಗಡಿಯವನಿಗೂ ಹೊಳೆಯಲಿಲ್ಲ. ಗಂಡಸು ಮುಟ್ಟಿದರೆ ರಿಪೇರಿ, ಹೆಂಗಸು ಮುಟ್ಟಿದರೆ ಹಾಳು!

ಆಪರೇಷನ್ ಚೆನ್ನಾಗಿ ಆಯಿತು. ಕುತ್ತಿಗೆಯಲ್ಲಿ ನಳಿಗೆ ಇದೆ, ದನಿ ಇಲ್ಲ. ರೆಕಾರ್ಡ್ ಕೇಳಿಸಿದರೆ ಬೆರಳು ಎತ್ತಿ ತೋರಿಸಬಹುದಲ್ಲ ಎಂದು ನೀವು ಹೇಳಬಹುದು. ತಪ್ಪು ಎಲ್ಲಿದೆ ಎಂದು ಬೆರಳು ತೋರಿಸೀತು. ಸರಿ ಯಾವುದು ಎಂದು ಹೇಳುವವರು ಯಾರು? ಮಾದೇವನ ಅಪ್ಪ ಜೀವ ಕಳೆದುಕೊಂಡ ದೋಣಿಯ ಕಥೆಯೂ ಅದರಲ್ಲಿದೆ. ಆ ದಿನ ದೋಣಿ ಇಳಿಸೋಣ ಎಂದು ಹಟ ಹಿಡಿದವರು ಯಾರು ಎಂದು ಚಿಕ್ಕಮ್ಮ ಹೆಸರು ಹಿಡಿದೇ ಹೇಳಿದ್ದಾಳೆ. ಆ ಮನುಷ್ಯ ಇಂದಿಗೂ ಅವಳ ಮನೆಯ ಮುಂದೆ ನಡೆದು ಹೋಗುತ್ತಾನೆ. ತಪ್ಪು ಹೊತ್ತವನು ಅವನೇ? ಅಥವಾ ಬೇರೆ ಯಾವುದೋ ಕಥೆಯ ಬೇರೆ ಯಾರೋ?

ಆಸ್ಪತ್ರೆಯ ಜಗಲಿಯಲ್ಲಿ ಮಾದೇವ ಸಿಕ್ಕ. ಬುಧವಾರ ಅವಳನ್ನು ಮುರ್ಡೇಶ್ವರದಿಂದ ಆಸ್ಪತ್ರೆಗೆ ಕರೆತಂದವನು ಅವನೇ. ಗಾಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದೇ ಪ್ರಶ್ನೆ ಕೇಳಿದೆ. ಅವನು ಕೈಯ ಉಗುರು ನೋಡಿಕೊಂಡು ನಿಂತ. ನಾನು ಕೇಳಿದ್ದು ಇಷ್ಟೇ:

"ಎರಡೂವರೆ ತಾಸು ಅವಳ ಪಕ್ಕ ಕೂತಿದ್ದಿ ಮಾದೇವ, ಯಾರ ಮೇಲೆ ಅಂತ ಒಂದು ಮಾತು ಕೇಳಿದ್ಯಾ?"