ದೊರೆಸಾನಿ ಹೊದಿಸಿದ ಹೆಂಚು

ಬೇಸಿಗೆ ಬಂತೆಂದರೆ ಆಕೆಯ ಮೂಗಿನ ತುದಿ ಈರುಳ್ಳಿ ಸಿಪ್ಪೆಯಂತೆ ಸುಲಿಯುತ್ತಿತ್ತು. ಮಾತಾಡುತ್ತ ಮಾತಾಡುತ್ತ ಎರಡು ಬೆರಳಲ್ಲಿ ಆ ಸಿಪ್ಪೆ ಎಳೆದು ಬಿಸಾಕುವಳು. ನನಗೆ ಹೇಸಿಗೆ ಆಗುತ್ತಿತ್ತು.

"ಎಣ್ಣಿ ಹಚ್ಚಬಾರದೇನವ್ವಾ, ಹಂಗ ಕಿತ್ತೊಗೀತಿ?" ಅಂದರೆ, "ಎಣ್ಣೆ ಹಚ್ಚಿದರೆ ನಾನು ಬೇಯುತ್ತೇನೆ ಅಮ್ಮಾ" ಅನ್ನುವಳು.

ಕನ್ನಡವನ್ನು ಪುಸ್ತಕದಿಂದ ಕಲಿತು ಬಂದಿದ್ದಳು. ನಮ್ಮ ಓಣಿಯಲ್ಲಿ ಆಕೆ ಬಾಯಿ ತೆರೆದರೆ ಮಾಸ್ತರರು ಮನೆಗೆ ಬಂದು ಪಾಠ ಓದಿದಂತೆ ಇರುತ್ತಿತ್ತು. ಓಣಿಯವರು ದೊರೆಸಾನಿ ಅಂದರು, ನಾನೂ ಹಾಗೇ ಅಂದೆ. ಯಾವ ದೇಶ ಅಂತ ನಾಲ್ಕು ಸಲ ಹೇಳಿದ್ದಳು. ನನ್ನ ನಾಲಿಗೆಗೆ ಹತ್ತಲಿಲ್ಲ, ಬಿಟ್ಟೆ.

ಗಣಿ ಜೋರಾಗಿದ್ದ ಕಾಲ ಅದು. ಸಂಡೂರಿನ ಕಡೆಯಿಂದ ಬರುವ ಅದಿರು ಲಾರಿಗಳು ಹೊಸಪೇಟೆಯಲ್ಲಿ ನಮ್ಮ ಓಣಿಯ ಬಾಯಿಗೆ ಹತ್ತಿಕೊಂಡೇ ಹೋಗುತ್ತಿದ್ದವು. ನನ್ನ ಮಗನೂ ಅಂಥದೊಂದು ಲಾರಿ ಓಡಿಸುತ್ತಿದ್ದ. ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಕೆಂಪಗೆ, ಎಮ್ಮೆ ಕೆಂಪಗೆ, ಬೇವಿನ ಎಲೆ ಕೆಂಪಗೆ. ಅಂಥ ಓಣಿಗೆ ದುಡ್ಡು ಕೊಟ್ಟು ಇರಲಿಕ್ಕೆ ಬಂದವಳಿಗೆ ತಲೆ ಸರಿ ಇಲ್ಲ ಅಂತಲೇ ನಾನು ತಿಳಿದದ್ದು. ಹಂಪಿಯಲ್ಲಿ ಪರದೇಶದವರು ಬೇಕಾದಷ್ಟು ಇರುತ್ತಾರೆ, ಅಲ್ಲೇ ಇರಬಾರದೆ ಅಂತ ಕೇಳಿದೆ. "ಅಲ್ಲಿ ಎಲ್ಲರೂ ರಜೆಯಲ್ಲಿದ್ದಾರೆ. ನಾನು ರಜೆಯಲ್ಲಿಲ್ಲ" ಅಂದಳು.

ಆಕೆಯ ಕೆಲಸ ಏನು ಅಂತ ನನಗೆ ಇವತ್ತಿಗೂ ಪೂರಾ ತಿಳಿದಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಹೋಗುವಳು. ಕಮಲಾಪುರದ ಆಚೆ, ಯಾರೂ ಹೋಗದ ಕಡೆ, ಹಾಳುಬಿದ್ದ ಒಂದು ಮಂಟಪ. ಅದರ ಕಲ್ಲು ಕಲ್ಲನ್ನೂ ಟೇಪು ಹಿಡಿದು ಅಳೆದು ಚಿತ್ರ ಬರೆದುಕೊಂಡು ಬರುವಳು. "ಯಾಕವ್ವಾ?" ಅಂದರೆ, "ಯಾವ ಕಲ್ಲು ಯಾರ ಮೇಲೆ ಕುಳಿತಿದೆ ಎಂದು ಬರೆದುಕೊಳ್ಳುತ್ತೇನೆ" ಅನ್ನುವಳು. ನಮ್ಮ ಗುಡ್ಡದ ಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿತ್ತು, ಪರದೇಶದಾಕೆ ನಮ್ಮ ಕಲ್ಲು ಅಳೆಯಲಿಕ್ಕೆ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದಳು. ಯಾರು ಶಾಣ್ಯಾರು, ಯಾರು ಹುಚ್ಚರು, ಯೋಚನೆ ಮಾಡಿ ಮಾಡಿ ನಾನು ಬಿಟ್ಟೆ.

ಆಕೆಗೆ ಒಂದೇ ಚಿಂತೆ. ಇಲ್ಲಿ ಇರಲಿಕ್ಕೆ ಸರ್ಕಾರದ ಕಾಗದ ಬೇಕು, ಅದನ್ನು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಮಾಡಿಕೊಡದಿದ್ದರೆ ಗಂಟುಮೂಟೆ ಕಟ್ಟಬೇಕು. ಮಂಟಪ ಅರ್ಧ ಮುಗಿದಿತ್ತು. "ಇನ್ನೊಂದು ವರ್ಷ ಸಾಕು ಅಮ್ಮಾ. ಒಂದೇ ವರ್ಷ" ಅಂತ ಅನ್ನದ ತಟ್ಟೆಯ ಮುಂದೆ ಕೂತರೂ ಅದೇ ಮಾತು. ನಿದ್ದೆಯಲ್ಲೂ ಅದನ್ನೇ ಅನ್ನುತ್ತಿದ್ದಳೋ ಏನೋ.

ನಮ್ಮದು ಉದ್ದನೆಯ ಹೆಂಚಿನ ಮನೆ. ನಡುವೆ ಗೋಡೆ ಎಬ್ಬಿಸಿ ಮುಂದಿನ ಭಾಗ ಆಕೆಗೆ ಕೊಟ್ಟಿದ್ದೆ, ಹಿಂದೆ ನಾವು. ಗೋಡೆ ಮನೆಯನ್ನು ಎರಡು ಮಾಡಿದರೂ ಮೇಲಿನ ಮಾಡು ಒಂದೇ. ಮೊದಲ ಮಳೆಗೆ ಎರಡೂ ಕಡೆ ಸೋರಿತು. ನಾನು ಪಾತ್ರೆ ಇಟ್ಟೆ. ಆಕೆ ಮನೆಯೊಳಗೆ ಛತ್ರಿ ಬಿಚ್ಚಿ, ಕೆಳಗೆ ಕೂತು, ಚಿತ್ರ ಬರೆಯುತ್ತಿದ್ದಳು.

"ಅಮ್ಮಾ, ಹೆಂಚಿನವರನ್ನು ಕರೆಯಿರಿ."

ಕರೆದೆ. ಹೆಂಚು ಹೊದಿಸುವ ಇಬ್ಬರಿದ್ದರು. ಒಬ್ಬ ಅದಿರು ಆರಿಸಲಿಕ್ಕೆ ಹೆಂಡತಿ ಮಕ್ಕಳ ಸಮೇತ ಗುಡ್ಡಕ್ಕೆ ಹೋಗಿದ್ದ. ಇನ್ನೊಬ್ಬ "ನಾಳಿ ಬರ್ತೀನ್ರಿ" ಅಂದ. ಆಕೆ ಮರುದಿನ ಮಂಟಪಕ್ಕೆ ಹೋಗದೆ ಕಟ್ಟೆಯ ಮೇಲೆ ಸಂಜೆತನಕ ಕೂತಳು. ಸಂಜೆಗೆ ನನ್ನನ್ನು ಕೇಳಿದಳು, "ನಾಳೆ ಎಂದರೆ ಯಾವ ದಿನ ಅಮ್ಮಾ?" ಮಗನಿಗೆ ಹೇಳಿದರೆ ಅವನು, "ಯವ್ವಾ, ಲಾರಿ ನಿಲ್ಲಿಸಿ ನಾನು ಹೆಂಚು ಏರ್ಲೇನು? ಮಾಲಕ ನನ್ನ ತಲಿ ಮ್ಯಾಲೆ ಹೆಂಚು ಒಡೀತಾನ" ಅಂದ.

ಮೂರನೆಯ ದಿನ ಏನೋ ಸದ್ದು ಅಂತ ಹೊರಗೆ ಬಂದು ನೋಡಿದರೆ ದೊರೆಸಾನಿ ಮಾಡಿನ ಮೇಲೆ. ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು, ಬರಿಗಾಲಲ್ಲಿ, ಹಲ್ಲಿಯಂತೆ ಮಲಗಿಕೊಂಡು ತೆವಳುತ್ತಿದ್ದಾಳೆ. ಓಣಿಯ ಜನವೆಲ್ಲ ಕೆಳಗೆ. ಹಿಟ್ಟಿನ ಗಿರಣಿಯಾಕೆ ಸೊಂಟಕ್ಕೆ ಕೈ ಇಟ್ಟು, "ನಿನ್ನ ಬಾಡಿಗಿಯಾಕಿ ಕೆಳಗ ಬಿದ್ರ ಯಾವ ದೇಶಕ್ಕ ಫೋನ್ ಹಚ್ತೀಯವ್ವಾ?" ಅಂತ ನಗುತ್ತಿದ್ದಾಳೆ.

ನಾನು ನಗಲಿಲ್ಲ. ಆಕೆ ತೆವಳುತ್ತಿದ್ದದ್ದು ನೇರ ನಮ್ಮ ದೇವರ ಜಗಲಿಯ ಕಡೆಗೆ. ನಾವು ಲಿಂಗ ಕಟ್ಟಿದವರು. ಜಗಲಿಯ ನೆತ್ತಿಯ ಮೇಲೆ ನಮ್ಮ ಮನೆಯಲ್ಲಿ ಯಾರೂ ಕಾಲಿಟ್ಟಿಲ್ಲ, ಹೆಂಚಿನವರೂ ಅಲ್ಲಿ ಬಗ್ಗಿ ಕೈಯಷ್ಟೇ ಚಾಚುತ್ತಿದ್ದರು.

"ಇಳೀ! ಅಲ್ಲಿ ಕಾಲಿಡಬ್ಯಾಡ! ಕೆಳಗ ದೇವ್ರು ಐತಿ!" ಅಂತ ಚೀರಿದೆ.

ಆಕೆ ಎತ್ತಿದ ಕಾಲು ಹಾಗೇ ಹಿಡಿದುಕೊಂಡಳು. "ಎಷ್ಟು ದೂರದವರೆಗೆ ದೇವರಿದ್ದಾನೆ ಅಮ್ಮಾ?" ಅಂದಳು. ಜನ ಘೊಳ್ಳೆಂದರು. ನಾನು ಜಗಲಿ ಕೋಣೆಗೆ ಹೋಗಿ ಕೋಲಿನಿಂದ ಒಳಗಿನಿಂದ ಹೆಂಚು ತಟ್ಟಿದೆ, ಆಕೆ ಮೇಲೆ ಸುಣ್ಣದಿಂದ ಗುರುತು ಹಾಕಿಕೊಂಡಳು. ಆ ಗುರುತು ದಾಟಲಿಲ್ಲ. ಅದನ್ನು ಮಾತ್ರ ನಾನು ಮೆಚ್ಚಿದೆ.

ಹೆಂಚು ಒಡೆದಿಲ್ಲ ಅಂತ ಆಕೆಯೇ ಕಂಡುಹಿಡಿದದ್ದು. ನಾವೆಲ್ಲ ಒಡೆದಿದೆ ಅಂತಲೇ ಪ್ರತಿ ವರ್ಷ ಹೊಸ ಹೆಂಚು ಹಾಕಿಸುತ್ತಿದ್ದೆವು. ಅದಿರಿನ ಧೂಳು ಹೆಂಚಿನ ಸಂದಿಯಲ್ಲಿ ಕೂತು, ಇಬ್ಬನಿಗೆ ನೆನೆದು, ಬಿಸಿಲಿಗೆ ಒಣಗಿ, ಗಟ್ಟಿಯಾಗಿ ಒಡ್ಡು ಕಟ್ಟಿತ್ತು. ಮಳೆ ನೀರು ಕೆಳಗೆ ಹರಿಯಲಿಕ್ಕೆ ದಾರಿ ಇಲ್ಲದೆ ಒಳಕ್ಕೆ ಇಳಿಯುತ್ತಿತ್ತು. ಆಕೆ ಒಂದೊಂದೇ ಹೆಂಚು ಎತ್ತಿ, ಚಮಚದಿಂದ ಕೆರೆದು, ತೆಂಗಿನ ನಾರಿನಿಂದ ತಿಕ್ಕಿ, ಮತ್ತೆ ಕೂಡಿಸಿದಳು. ಕೆರೆದ ಕೆಂಪು ಹೆಂಟೆಯೊಂದನ್ನು ಸಂಜೆ ನನ್ನ ಮಗನ ಕೈಯಲ್ಲಿಟ್ಟು, "ತಗೊಳ್ಳಿ. ನಿಮ್ಮ ಲಾರಿಯಿಂದ ಬಿದ್ದದ್ದು, ನನ್ನ ಹಾಸಿಗೆಯ ಮೇಲೆ ಸಿಕ್ಕಿತು" ಅಂದಳು. ಅವನು ಒಂದು ವಾರ ಆಕೆಯ ಎದುರಿಗೆ ಬರಲಿಲ್ಲ.

ಜಗಲಿಯ ಮೇಲಿನದು ಉಳಿಯಿತು. ಮೇಲಿನಿಂದ ಆಕೆ ಹೋಗುವಂತಿಲ್ಲ, ಒಳಗೆ ಜಗಲಿ ಕೋಣೆಗೆ ಆಕೆಯನ್ನು ಬಿಡುವಂತಿಲ್ಲ. ಬಿಡಬಹುದಿತ್ತೇನೋ. ಆಗ ನನಗೆ ಹಾಗೆ ಹೊಳೆಯಲಿಲ್ಲ. ಕೊನೆಗೆ ನಾನೇ ಕೋಣೆಯೊಳಗೆ ಏಣಿ ಇಟ್ಟು ಹತ್ತಿದೆ. ಆಕೆ ಹೊಸ್ತಿಲ ಹೊರಗೆ ಕೂತು, "ಎಡಗಡೆ ಎತ್ತಿ ಅಮ್ಮಾ, ತಳ್ಳಬೇಡಿ, ಎತ್ತಿ" ಅನ್ನುತ್ತಿದ್ದಳು. ಎತ್ತಿದೆ. ಬೊಗಸೆ ಧೂಳು ನನ್ನ ಮುಖಕ್ಕೂ ದೇವರ ಮುಖಕ್ಕೂ ಬಿತ್ತು. ನಾನು ಹಾಳು ಮಾತೆಲ್ಲ ಅಂದೆ. ಯಾರಿಗೆ ಅಂದೆನೋ, ದೇವರಿಗೋ ಆಕೆಗೋ. ಆಕೆ ಹೊಸ್ತಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ರಾತ್ರಿಯ ಮಳೆಗೆ ಒಳಗೆ ಒಂದು ಹನಿಯೂ ಬೀಳಲಿಲ್ಲ.

ಮರುದಿನದಿಂದ ಓಣಿಯವರಿಗೆ ಹೆಂಚಿನ ಹುಚ್ಚು ಹಿಡಿಯಿತು. ಮೊದಲು ನಕ್ಕಿದ್ದ ಗಿರಣಿಯಾಕೆಯೇ ಮೊದಲು ಬಂದಳು. "ನಮ್ಮದೊಂದು ನೋಡಬಾರದೇನವ್ವಾ ದೊರೆಸಾನಿ?" ಆಕೆ ಇಲ್ಲ ಅನ್ನಲಿಲ್ಲ. ಭಾನುವಾರ ಒಂದೊಂದು ಮನೆ. ಯಾರೂ ಪುಕ್ಕಟೆ ಮಾಡಿಸಿಕೊಳ್ಳಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಹಬ್ಬಕ್ಕೆ ಹೋಳಿಗೆ, ಎಲ್ಲಾ ಆಕೆಯ ಬಾಗಿಲಿಗೆ ಬರುತ್ತಿತ್ತು. ನಾನು ಆ ಮಳೆಗಾಲ ಬಾಡಿಗೆ ಬೇಡ ಅಂದೆ. ಆಕೆಯ ಕನ್ನಡವೂ ಅಷ್ಟರಲ್ಲಿ ಹದಕ್ಕೆ ಬಂತು. "ಬರ್ರಿ, ಕುಂದ್ರಿ" ಅನ್ನಲಿಕ್ಕೆ ಕಲಿತಳು.

ಹೀಗಿರುವಾಗ ಒಂದು ದಿನ ಮಧ್ಯಾಹ್ನ ಕಚೇರಿಯ ಒಬ್ಬರು ಮೋಟರ್ ಸೈಕಲ್ ಮೇಲೆ ಬಂದರು. ಆಕೆ ಮಂಟಪಕ್ಕೆ ಹೋಗಿದ್ದಳು. ಆಕೆ ಇನ್ನೊಂದು ವರ್ಷಕ್ಕೆ ಕಾಗದ ಕೇಳಿದ್ದಾಳೆ, ವಿಚಾರಣೆಗೆ ಬಂದಿದ್ದೇನೆ ಅಂದರು. ಇದು ನನ್ನ ಮಾತಿನ ಮೇಲೆ ನಿಂತಿದೆ ಅಂತ ತಿಳಿಯಿತು. ಕೂಡಿಸಿ, ಒಗ್ಗರಣಿ ಮಂಡಕ್ಕಿ ಕೊಟ್ಟು, ಚಹಾ ಇಟ್ಟೆ.

ನನಗೆ ಗೊತ್ತಿದ್ದ ವಿಚಾರಣೆ ಒಂದೇ. ಹೆಣ್ಣು ಕೇಳಲಿಕ್ಕೆ ಬಂದವರು ಓಣಿಯಲ್ಲಿ ವಿಚಾರಿಸುತ್ತಾರಲ್ಲ, ಹುಡುಗಿ ಹೇಗೆ, ಕೆಲಸ ಬೊಗಸೆ ಹೇಗೆ ಅಂತ, ಅದು. ಎಷ್ಟು ಹೆಣ್ಣುಮಕ್ಕಳಿಗೆ ನಾನು ಒಳ್ಳೆಯ ಮಾತು ಹೇಳಿ ಮದುವೆ ಮಾಡಿಸಿದ್ದೇನೆ. ಈಕೆಗೂ ಹಾಗೇ ಹೇಳಿದೆ.

"ಏನು ಮಾಡ್ತಾರ್ರಿ ಅವ್ರು ಇಲ್ಲಿ?"

"ಏನು ಮಾಡಂಗಿಲ್ಲ ಅಂತ ಕೇಳ್ರಿ ಸಾಹೇಬ್ರ. ಒಂದು ಗಳಿಗಿ ಸುಮ್ಮನ ಕುಂದ್ರಾಕಿ ಅಲ್ಲ. ನಮ್ಮ ಓಣಿ ಹೆಂಚು ಪೂರಾ ಆಕೀನ ಹೊದಿಸ್ಯಾಳ. ಏಳು ಮನಿ!"

"ಪುಕ್ಕಟನ?"

"ಪುಕ್ಕಟ ಯಾಕ್ರಿ? ನಾವೇನು ಅಷ್ಟು ನಾಚಿಕಿಗೆಟ್ಟವ್ರೇನು? ಮನಿ ಮನಿಯಿಂದ ಊಟ ಹೋಗ್ತೈತಿ. ನಾನು ಬಾಡಿಗೀನ ಬಿಟ್ಟೀನಿ."

ಅವರು ಬರೆಯುವುದು ನಿಲ್ಲಿಸಿ ನನ್ನನ್ನು ನೋಡಿದರು. "ಇನ್ನೊಮ್ಮೆ ಹೇಳ್ರಿ ಅಮ್ಮಾ" ಅಂದರು. ನಾನು ಇನ್ನೂ ಜೋರಾಗಿ ಹೇಳಿದೆ. ಸಹಿ ಮಾಡ್ರಿ ಅಂದರು. ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರದಲ್ಲಿ ಸೊಟ್ಟಗೆ ಸಹಿ ಮಾಡಿ, ಗೆದ್ದೆ ಅಂತ ತಿಳಿದು, ಇನ್ನೊಂದು ಲೋಟ ಚಹಾ ಕೊಟ್ಟೆ.

ಸಂಜೆ ಆಕೆಗೆ ಎಲ್ಲಾ ಒದರಿದೆ. ಆಕೆ ಕೇಳಿ ಕಟ್ಟೆಯ ಮೇಲೆ ಕೂತಳು. ಕಾಲಿನ ಧೂಳು ಒರೆಸಿದಳು, ಮತ್ತೆ ಒರೆಸಿದಳು.

ತಿಂಗಳೊಳಗೆ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಮಗ ಯಾರಿಂದಲೋ ಓದಿಸಿಕೊಂಡು ಬಂದು ಹೇಳಿದ. ಬಂದ ಉದ್ದೇಶ ಬಿಟ್ಟು ಬೇರೆ ಕೆಲಸ ಮಾಡಿದ್ದಾರೆ, ಹದಿನೈದು ದಿನದಲ್ಲಿ ದೇಶ ಬಿಡಬೇಕು. "ಯವ್ವಾ, ಹೆಂಚಿನ ಮಾತು ನೀ ಯಾಕ ಆಡಿದಿ?" ಅಂದ.

"ಒಳ್ಳೇದು ಹೇಳಿದ್ನಲ್ಲೋ" ಅಂದೆ.

"ಅದ ತಪ್ಪಾತು."

ಒಳ್ಳೆಯದು ಹೇಳಿದರೆ ತಪ್ಪು ಹೇಗಾಗುತ್ತದೆ, ನನಗೆ ಅವತ್ತೂ ತಿಳಿಯಲಿಲ್ಲ. ಆಕೆಯೂ ಕಚೇರಿಗೆ ಹೋಗಿ ಬಂದಳು. ಅದು ಕೂಲಿ ಅಲ್ಲ, ಊಟ ಅಂದಳಂತೆ. ಊಟವೂ ಕೂಲಿಯೇ ಅಂದರಂತೆ. ಅವರ ಮಾತೂ ಒಂದು ಲೆಕ್ಕಕ್ಕೆ ಸರಿಯೇ ಇರಬೇಕು.

ಆ ಹದಿನೈದು ದಿನ ಆಕೆ ಮೊದಲ ಬಸ್ಸಿಗೆ ಹೋಗಿ ಕೊನೆಯ ಬಸ್ಸಿಗೆ ಬಂದಳು. ಮಂಟಪ ಮುಗಿಯಲಿಲ್ಲ. ಮೇಲಿನ ಕಲ್ಲುಗಳೆಲ್ಲ ಉಳಿದವು. ನಡುವೆ ಒಂದು ದಿನ ಗಿರಣಿಯಾಕೆ ನಾಚಿಕೆ ಇಲ್ಲದೆ ಬಂದು ಒಂದು ಮೂಲೆ ಇನ್ನೂ ಸೋರುತ್ತದೆ ಅಂದಳು. ನಾನು ಬೈಯಲಿಕ್ಕೆ ಬಾಯಿ ತೆರೆದೆ. ದೊರೆಸಾನಿ ಏಣಿ ಎತ್ತಿಕೊಂಡು ಹೊರಟೇಬಿಟ್ಟಳು. "ಇನ್ನ ಏನು ಮಾಡ್ತಾರ್ರೀ ಅಮ್ಮಾ, ಕಳಿಸೇಬಿಟ್ಟಾರಲ್ಲ" ಅಂದಳು.

ಹೊರಡುವ ದಿನ ಕೇಳಿದೆ. "ನನ್ನ ಮಾತಿಂದ ಆತೇನವ್ವಾ?"

"ನೀವು ಸುಳ್ಳು ಹೇಳಿಲ್ಲಲ್ರಿ" ಅಂದಳು.

ಅಷ್ಟೇ. ಅದು ಸಮಾಧಾನವೋ, ಬೈಗುಳವೋ? ಮುಖ ನೋಡಿದೆ, ಮುಖದಲ್ಲೂ ಗೊತ್ತಾಗಲಿಲ್ಲ. ಅವರ ಮುಖ ನಮಗೆ ಅಷ್ಟಾಗಿ ಓದಲಿಕ್ಕೆ ಬರುವುದಿಲ್ಲ. ನಾನು ಅಳಲಿಲ್ಲ, ಆಕೆಯೂ ಅಳಲಿಲ್ಲ.

ವರ್ಷಗಳು ಹೋದವು. ಗಣಿ ನಿಂತಿತು, ಲಾರಿ ನಿಂತವು, ಮಗ ಈಗ ಟಿ.ಬಿ. ಡ್ಯಾಂ ಕಡೆ ಆಟೋ ಓಡಿಸುತ್ತಾನೆ. ಹೋದ ಚಳಿಗಾಲ ಹಂಪಿಯ ಒಬ್ಬ ಗೈಡು ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದ. ದೊರೆಸಾನಿಯ ತಂಗಿಯ ಮಗಳಂತೆ. ದೊರೆಸಾನಿ ತೀರಿಕೊಂಡಳು ಅಂದ. ಯಾವುದೋ ಜಡ್ಡು. ಮಂಟಪದ ಚಿತ್ರಗಳನ್ನು ಒಂದು ಪುಸ್ತಕ ಮಾಡುತ್ತಾರಂತೆ, ಅದರ ಮೊದಲ ಹಾಳೆಗಳಲ್ಲಿ ಆಕೆಯ ಬಗ್ಗೆ ಬರೆಯುತ್ತಾರಂತೆ.

ಹುಡುಗಿ ನೋಟುಪುಸ್ತಕ ತೆಗೆದು ಪೆನ್ನು ಬಿಚ್ಚಿದಳು. ಏನೋ ಕೇಳಿದಳು. ಗೈಡು ಹೇಳಿದ, "ಅಜ್ಜೀ, ಅವ್ರ ದೊಡ್ಡಮ್ಮ ಪತ್ರದಾಗ ಬರೀತಿದ್ರಂತ, ಈ ಓಣಿ ಹೆಂಚೆಲ್ಲ ನಾನ ಹೊದಿಸೀನಿ ಅಂತ. ಮನಿಯವ್ರು ಯಾರೂ ನಂಬಿಲ್ಲಂತ. ಖರೇನ?"

ಪೆನ್ನು ನೋಡಿದೆ. ಬರೆದುಕೊಳ್ಳಲಿಕ್ಕೆ ತಯಾರಾಗಿ ನಿಂತ ಆ ಪೆನ್ನು ನೋಡಿದ ಕೂಡಲೇ ನನ್ನ ಬಾಯಿ ತಾನೇ ಆಡಿತು.

"ಇಲ್ಲಪ್ಪಾ. ಏನೂ ಮಾಡಿಲ್ಲ ಆಕಿ. ಕಲ್ಲು ಅಳೀಯಾಕ ಹೋಗಾಕಿ, ಬರಾಕಿ. ಹೆಂಚು ಗಿಂಚು ಏನೂ ಮುಟ್ಟಿಲ್ಲ."

ಗೈಡು ಅದನ್ನು ಅವಳ ಭಾಷೆಯಲ್ಲಿ ಹೇಳಿದ. ಹುಡುಗಿ "ಓ" ಅಂದಳು. ನೋಟುಪುಸ್ತಕ ಮುಚ್ಚಿದಳು. ಚಹಾ ಅರ್ಧ ಬಿಟ್ಟು ಎದ್ದಳು. ಅವರು ಓಣಿಯ ತಿರುವು ದಾಟಿದ ಮೇಲೆ ನನಗೆ ಹೊಳೆಯಿತು, ಸತ್ತವಳನ್ನು ಸುಳ್ಳಿ ಮಾಡಿ ಕಳಿಸಿದೆ ಅಂತ. ಇನ್ನು ಆಕೆಯನ್ನು ಯಾವ ಕಚೇರಿ ಎಲ್ಲಿಗೆ ಕಳಿಸುತ್ತದೆ? ಓಡಿ ಹೋಗಿ ಹಿಡಿಯುವ ವಯಸ್ಸು ನನ್ನದಲ್ಲ. ಗೈಡಿನ ಹೆಸರೂ ಕೇಳಿರಲಿಲ್ಲ.

ಬಾಯಿ ಮುಚ್ಚಬೇಕಾದಾಗ ಒದರಿದೆ, ಒದರಬೇಕಾದಾಗ ಮುಚ್ಚಿಕೊಂಡೆ. ಯಾವಾಗ ಯಾವುದು ಅಂತ ತಿಳಿಯುವುದು ಹೇಗೋ ನನಗೆ ಗೊತ್ತಿಲ್ಲ. ಗೊತ್ತಿದ್ದವರು ಹೇಳಲಿ. ಬರೆಯುವ ರೂಢಿ ಇಲ್ಲದ ನಾನು ಇಷ್ಟು ಬರೆದದ್ದು ಅದಕ್ಕೇ.

ಆಕೆ ಹೆಂಚು ಹೊದಿಸಿದ್ದಳು. ಮೊದಲು ನಮ್ಮ ಮನೆ, ಆಮೇಲೆ ಗಿರಣಿಯವರದು, ಆಮೇಲೆ ಆ ಸಾಲಿನಲ್ಲಿ ಐದು. ಆರು ಮನೆಯಲ್ಲಿ ಸೋರುವುದು ನಿಂತಿತು. ಗಿರಣಿಯವರದು ಇನ್ನೂ ಒಂದು ಮೂಲೆ ಸೋರುತ್ತದೆ. ಅದು ಆಕೆಯ ತಪ್ಪಲ್ಲ. ಮಾಡಿನ ಕಟ್ಟಿಗೆಯನ್ನು ಗೆದ್ದಲು ತಿಂದಿದೆ, ಬದಲಿಸಿ ಅಂತ ಆಕೆ ಅವತ್ತೇ ಹೇಳಿದ್ದಳು, ಅವರು ಬದಲಿಸಲಿಲ್ಲ.