ಅಜ್ಜಿ ಹೇಳದ ‘ಹೂಂ’

ಆ ದಿನ ನಸುಕಿನಲ್ಲಿ ನಾನು ಅಜ್ಜಿಯನ್ನು ಎಬ್ಬಿಸಲಿಲ್ಲ. ಎಬ್ಬಿಸಿದೆ ಎಂದು ಸುಳ್ಳು ಹೇಳಿದೆ. ಎಬ್ಬಿಸಿದಾಗ ಅವರು ‘ಹೂಂ’ ಎಂದರು ಎಂದೂ ಸೇರಿಸಿದೆ — ಆ ‘ಹೂಂ’ ನಾನೇ ಹುಟ್ಟಿಸಿದ್ದು. ಇಷ್ಟನ್ನು ಹೇಳಲು ನನಗೆ ವರ್ಷಗಳೇ ಬೇಕಾದವು. ಆಗ ನಾನು ಪಿಯುಸಿ ಓದುತ್ತಿದ್ದೆ. ಈಗ ಅದೇ ವಯಸ್ಸಿನ ಮಕ್ಕಳಿಗೆ ಪಾಠ ಮಾಡುತ್ತೇನೆ. ಬೆಳಗಿನ ಮೊದಲ ಪಿರಿಯಡ್ಡಿನಲ್ಲೇ ಕಣ್ಣು ಕೆಂಪಾಗಿ ತೂಕಡಿಸುವ ಹುಡುಗಿಯರನ್ನು ಗದರಿಸಲು ಬಾಯಿ ತೆರೆದು, ಸುಮ್ಮನಾಗುತ್ತೇನೆ.

ನಮ್ಮದು ದಾವಣಗೆರೆಯ ಹಳೇ ಓಣಿಯೊಂದರ ಪಿಂಜಾರರ ಮನೆ. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಊರ ಮಂದಿಗೆಲ್ಲ ಸುಖವಾಗಿ ಮಲಗಲು ಹಾಸಿಗೆ ಮಾಡಿಕೊಟ್ಟವರ ಮಗಳು ನಾನು, ನಿದ್ದೆ ಎಂದರೆ ನನಗೆ ಅಷ್ಟಕ್ಕಷ್ಟೆ. ಅಪ್ಪನ ತಾಯಿ ಹುಸೇನಮ್ಮ ನಮ್ಮ ಜೊತೆಗೇ ಇದ್ದರು. ರಂಜಾನ್ ಬಂದರೆ ಇಡೀ ಓಣಿಯನ್ನು ಸಹರಿಗೆ — ರೋಜಾ ಉಪವಾಸ ಹಿಡಿಯುವ ಮುಂಚೆ ನಸುಕಿನಲ್ಲಿ ಮಾಡುವ ಊಟಕ್ಕೆ — ಎಬ್ಬಿಸುವ ಕೆಲಸ ಅವರದು. ಯಾರೂ ಒಪ್ಪಿಸಿದ್ದಲ್ಲ, ತಾವೇ ಹೊತ್ತುಕೊಂಡದ್ದು. ಕೈಯಲ್ಲಿ ಲಟ್ಟಣಿಗೆ ಹಿಡಿದು ಬಾಗಿಲು ಬಡಿಯುತ್ತ ಹೋಗುವರು. ಒಳಗಿನಿಂದ ಯಾರಾದರೂ ‘ಹೂಂ, ಎದ್ವಿ’ ಎಂದರೆ ನಂಬುವ ಪೈಕಿಯಲ್ಲ.

“ಹೂಂ ಅಂತ ನಿದ್ದೇನೂ ಅಂತೈತೆ. ಲೈಟ್ ಹಾಕ್ರಿ, ಆಮ್ಯಾಲೆ ಮುಂದಿನ ಮನಿಗೆ ಹೋಗ್ತೀನಿ.”

ಕಿಟಕಿಯಲ್ಲಿ ಬೆಳಕು ಕಾಣುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಫೋನು, ಫೋನಿನಲ್ಲಿ ಅಲಾರಾಂ ಇದ್ದರೂ ಓಣಿ ನಂಬಿದ್ದು ಅಜ್ಜಿಯ ಲಟ್ಟಣಿಗೆಯನ್ನೇ. ಅವರಿಗೂ ಅದರ ಬಗ್ಗೆ ಒಳಗೊಳಗೇ ಜಂಬವಿತ್ತು.

ಆ ವರ್ಷ ಅವರಿಗೆ ಕೆಮ್ಮು ಹಿಡಿಯಿತು. ಕುಡಿದರೆ ಕಣ್ಣು ಎಳೆಯುವಂಥ ಔಷಧಿ ಕೊಟ್ಟಿದ್ದರು. “ಶಬೂ, ನಿನ್ನ ಫೋನಿನಾಗೆ ಗಂಟೆ ಹೊಡಿತೈತಲ್ಲ, ನನ್ನೊಂದೀಟು ಎಬ್ಬಿಸಿಬಿಡವ್ವ. ಬಾಗ್ಲು ನಾನೇ ಬಡಿತೀನಿ” ಎಂದರು. ನಾನು ಒಪ್ಪಿದೆ. ನಾವಿಬ್ಬರೂ ಮಲಗುತ್ತಿದ್ದುದು ಒಂದೇ ಗಾದಿಯ ಮೇಲೆ.

ಫೋನು ಕೊಡಿಸಿದ್ದು ಓದಿಗೆಂದು. ಅದರಲ್ಲಿ ನಮ್ಮ ಕಾಲೇಜಿನ ಹುಡುಗಿಯರದೊಂದು ಗುಂಪಿತ್ತು. ರಾತ್ರಿ ಮೊದಲು ಮಲಗಿದವಳನ್ನು ಮರುದಿನವಿಡೀ ‘ಅಜ್ಜಿ’ ಎಂದು ಕರೆದು ಗೋಳುಹೊಯ್ದುಕೊಳ್ಳುತ್ತಿದ್ದೆವು. ನಾನು ಒಮ್ಮೆಯೂ ಅಜ್ಜಿ ಆಗಲಿಲ್ಲ — ಎಂಥ ಸಾಧನೆ! ಚಾದರದೊಳಗೆ ತಲೆ ತೂರಿಸಿ, ಬೆಳಕು ತಗ್ಗಿಸಿ, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡುತ್ತಿದ್ದೆ. ಏನು ನೋಡುತ್ತಿದ್ದೆ ಎಂದು ಕೇಳಿದರೆ ಇವತ್ತು ಒಂದೂ ನೆನಪಿಲ್ಲ. ಅಜ್ಜಿ ಮಗ್ಗುಲಾದಾಗ ನನ್ನ ಹಣೆ ಸವರಿ “ಮಲಗವ್ವ, ಕಣ್ಣು ಹಾಳಾಗ್ತಾವೆ” ಎನ್ನುವರು. “ಓದ್ತಾ ಇದೀನಿ ಅಜ್ಜಿ” ಎನ್ನುವೆ. ಅವರು ನಂಬಿ ಮತ್ತೆ ಮಗ್ಗುಲಾಗುವರು. ಕ್ಲಾಸಿನಲ್ಲಿ ತಲೆ ಸಿಡಿಯುತ್ತಿತ್ತು, ಯಾರು ಮಾತಾಡಿಸಿದರೂ ರೇಗುತ್ತಿದ್ದೆ, ಅಮ್ಮ ರೋಜಾದ ಸುಸ್ತು ಎಂದು ಮರುಗುತ್ತಿದ್ದರು. ಹೇಗೂ ಎಚ್ಚರವಿರುತ್ತೇನಲ್ಲ, ಅಜ್ಜಿಯನ್ನು ಎಬ್ಬಿಸುವುದೇನು ಮಹಾ ಎಂದುಕೊಂಡಿದ್ದೆ.

ಆ ರಾತ್ರಿ ಫೋನಿನ ಚಾರ್ಜ್ ಮುಗಿಯುತ್ತ ಬಂದಿತ್ತು. ಚಾರ್ಜರ್ ಎದುರು ಗೋಡೆಯಲ್ಲಿ. ಎದ್ದು ಹೋಗಿ ಹಾಕಬೇಕು. ಇದೊಂದು ಮುಗಿಯಲಿ, ಇನ್ನೊಂದು ಮುಗಿಯಲಿ — ಹೀಗೇ. ಯಾವಾಗ ಫೋನು ಸತ್ತಿತೋ, ಯಾವಾಗ ನನ್ನ ಕಣ್ಣು ಮುಚ್ಚಿತೋ ತಿಳಿಯದು. ಕಣ್ಣು ಬಿಟ್ಟಾಗ ಮಸೀದಿಯಿಂದ ಬೆಳಗಿನ ಆಜಾನ್ ಕೇಳುತ್ತಿತ್ತು. ಆಜಾನ್ ಆದ ಮೇಲೆ ಗುಟುಕು ನೀರೂ ಇಲ್ಲ. ಅಜ್ಜಿ ನನ್ನ ಪಕ್ಕದಲ್ಲೇ ಮಲಗಿದ್ದರು. ಓಣಿಯ ಒಂದು ಕಿಟಕಿಯಲ್ಲೂ ಬೆಳಕು ಹತ್ತಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಬಾಗಿಲಲ್ಲಿ ಮಂದಿ ಸೇರಿತು. ಎದುರು ಮನೆಯ ಖೈರೂನ್ ಅಕ್ಕ, “ನಿಮ್ಮನ್ನ ನಂಬಿ ಮಲಗಿದ್ವಲ್ಲ ಹುಸೇನಮ್ಮ, ಬಸುರಿ ಸೊಸಿ ಉಪವಾಸ ಕುಂತಾಳೆ” ಎಂದಳು. ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತ ನನ್ನ ಕಡೆ ನೋಡಿದರು. ಅಪ್ಪನೂ ನೋಡಿದರು. ನಿಜ ಹೇಳಿದರೆ ಫೋನು ಹೋಗುತ್ತದೆ — ಆಗ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಹಾಳಾದ ಒಂದು ಫೋನಿಗಾಗಿ ಹೇಳಿದೆ:

“ನಾನು ಎಬ್ಬಿಸಿದೆ ಅಪ್ಪಾ. ಅಜ್ಜಿ ‘ಹೂಂ, ಎದ್ದೆ, ನೀನು ಮಲಕ್ಕೊ’ ಅಂದ್ರು.”

ಅಜ್ಜಿ ಜಗಳವಾಡಲಿಲ್ಲ. ನಾನು ಸುಳ್ಳು ಹೇಳಬಹುದು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ನೆನಪು ಮಾಡಿಕೊಳ್ಳಲು ನೋಡಿದರು — ಹಣೆ ಗಂಟಿಕ್ಕಿ, ತುಟಿ ಅಲುಗಿಸುತ್ತ — ಕೊನೆಗೆ “ಅಂದಿರಬೇಕು. ನಂಗೇ ತಿಳೀವಲ್ದು. ತಪ್ಪಾತು ತಾಯಿ” ಎಂದು ಖೈರೂನ್ ಅಕ್ಕನಿಗೆ ಕೈ ಮುಗಿದರು. ಊರನ್ನೆಲ್ಲ ‘ಹೂಂ’ ಅಂದು ಮಲಗಬೇಡಿ ಎಂದು ಬೈದವರು ಅವರು. ನಾನು ನೋಡುತ್ತ ನಿಂತಿದ್ದೆ.

ಅಂದೇ ಲಟ್ಟಣಿಗೆ ಕೆಳಗಿಟ್ಟರು. ಔಷಧಿ ಮುಗಿಯಿತು, ಕೆಮ್ಮು ಹೋಯಿತು. ಆ ಅನುಮಾನ ಮಾತ್ರ ಹೋಗಲಿಲ್ಲ. ಗ್ಯಾಸ್ ಆರಿಸಿದೆನಾ, ನಮಾಜ್ ಪೂರ್ತಿ ಮಾಡಿದೆನಾ, ಮಾತ್ರೆ ನುಂಗಿದೆನಾ — ದಿನವಿಡೀ ಕೇಳುವರು. ಒಂದು ದಿನ ಹಾಲು ಉಕ್ಕಿತು. ಯಾರ ಮನೆಯಲ್ಲಿ ಹಾಲು ಉಕ್ಕುವುದಿಲ್ಲ? ಆದರೆ ಈಗ ಅದು ಬರೀ ಹಾಲು ಉಕ್ಕಿದ್ದಾಗಿ ಉಳಿಯಲಿಲ್ಲ. ಅಪ್ಪ ಅವರನ್ನು ಪಿ.ಜೆ. ಬಡಾವಣೆಯ ಡಾಕ್ಟರ ಹತ್ತಿರ ಕರೆದೊಯ್ದರು. ಮರೆವು ಯಾವಾಗ ಶುರುವಾಯಿತು ಎಂದು ಡಾಕ್ಟರು ಕೇಳಿದಾಗ ಅಪ್ಪ ಹೇಳಿದ್ದು ರಂಜಾನಿನ ಆ ನಸುಕಿನ ಕತೆಯನ್ನೇ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಡಾಕ್ಟರು ನನ್ನನ್ನೇ ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ವಯಸ್ಸಾಗಿದೆ, ಒಲೆಯ ಹತ್ತಿರ ಒಬ್ಬರನ್ನೇ ಬಿಡಬೇಡಿ ಎಂದರು. ಅಪ್ಪ, ಅಮ್ಮ ಇಬ್ಬರೂ ಹಗಲೆಲ್ಲ ಗಾದಿ ಅಂಗಡಿಯಲ್ಲಿ, ನಾನು ಕಾಲೇಜಿನಲ್ಲಿ. ಅಜ್ಜಿಯನ್ನು ಹರಿಹರದ ಅತ್ತೆಯ ಮನೆಗೆ ಕಳಿಸಿದರು. ಅವರ ಗಾದಿಯನ್ನೂ ಸುತ್ತಿ ಆಟೋಕ್ಕೆ ಏರಿಸಿದರು. ಅಂದು ರಾತ್ರಿ ಇಡೀ ಕೋಣೆ ನನ್ನದಾಯಿತು. ಚಾದರದ ಹಂಗೂ ಬೇಕಾಗಲಿಲ್ಲ.

ಭಾನುವಾರ ಅಪ್ಪ ಸ್ಕೂಟರಿನಲ್ಲಿ ಹರಿಹರಕ್ಕೆ ಹೊರಟರೆ ಹಿಂದಿನ ಸೀಟಿನಲ್ಲಿ ನಾನು. ಅತ್ತೆ ಮನೆಯಲ್ಲಿ ಅಜ್ಜಿಗೆ ಕೆಲಸವಿಲ್ಲ, ಓಣಿ ಗೊತ್ತಿಲ್ಲ, ಒಲೆಯ ಹತ್ತಿರ ಯಾರೂ ಬಿಡುವುದಿಲ್ಲ. ದಿನದಿನಕ್ಕೆ ಮಂಕಾದರು. ನಾನು ಹೋದಾಗಲೆಲ್ಲ ಪಕ್ಕಕ್ಕೆ ಕರೆದು ಕೇಳುವುದು ಒಂದೇ —

“ಶಬೂ, ಅವತ್ತು ನೀ ಎಬ್ಬಿಸಿದಾಗ ನಾ ಹೆಂಗೆ ಅಂದೆ? ಕಣ್ಣು ಬಿಟ್ಟಿದ್ನಾ?”

ಅದೊಂದು ನೆನಪು ಸಿಕ್ಕರೆ ಉಳಿದದ್ದೆಲ್ಲ ಸರಿಹೋದೀತು ಎಂಬ ಆಸೆ ಅವರದು. ನಾನು ಪ್ರತಿ ಸಲವೂ ಹೇಳಿದೆ. ಕಣ್ಣು ಅರ್ಧ ಬಿಟ್ಟಿದ್ರಿ, ನನ್ನ ಕೈ ಸರಿಸಿದ್ರಿ — ಸುಳ್ಳಿಗೆ ಕೈಕಾಲು ಮೂಡಿಸುತ್ತ ಹೋದೆ. ಈ ಮಾತನ್ನು ಬರೆಯುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ. ಮೊದಲ ಸಲದ್ದು ಹೆದರಿಕೆಯ ಸುಳ್ಳು ಎನ್ನಬಹುದೇನೋ. ಆಮೇಲಿನವು?

ಕೊನೆಯ ಸಲ ಹೋದಾಗ ಅಜ್ಜಿ ನನ್ನ ಕೈ ಹಿಡಿದು ನಕ್ಕರು. “ನೆನಪಾತು ಕಣವ್ವ! ನೀ ಎಬ್ಬಿಸಿದ್ದೆ. ನಿನ್ನ ಕೈ ತಣ್ಣಗಿತ್ತು. ನಾನು ಹೂಂ ಅಂದೆ. ನೋಡು, ನನ್ನ ತಲೆ ಇನ್ನೂ ಐತೆ.” ನಡೆಯದೇ ಇದ್ದದ್ದು ಅವರಿಗೆ ನೆನಪಾಗಿತ್ತು. ನಿಜ ಹೇಳಬೇಕೆಂದರೆ, ಆ ನಸುಕಿನ ನೆನಪಿಲ್ಲ ಎನ್ನುತ್ತಿದ್ದಷ್ಟು ದಿನ ಅವರ ತಲೆ ಸರಿಯಾಗಿಯೇ ಇತ್ತು. ನಾನು ಹೂಂ ಎಂದೆ. ತಿಂಗಳು ತುಂಬುವ ಮೊದಲೇ ಅಜ್ಜಿ ಹೋದರು. ಮಣ್ಣಾದದ್ದೂ ಹರಿಹರದಲ್ಲೇ.

ಇದನ್ನು ನನ್ನ ಜೊತೆಗೇ ಮಣ್ಣು ಮಾಡಿಕೊಂಡು ಹೋಗುತ್ತಿದ್ದೆನೇನೋ — ಆದರೆ ಈಚೆಗೆ ಅಪ್ಪ ಹೆದರತೊಡಗಿದರು. ಸೂಜಿ ಎಲ್ಲಿಟ್ಟೆ ಎಂದು ಹುಡುಕುವರು, ಗಿರಾಕಿಯ ಹೆಸರು ಮರೆತರೆ ಮುಖ ಬಿಳಿಚಿಕೊಳ್ಳುವುದು. “ಅವ್ವಂಗೆ ಬಂದದ್ದು ನಂಗೂ ಬಂತು” ಎನ್ನುವರು. ದಾರಿ ಮರೆತು ಎಲ್ಲಾದರೂ ಹೋಗಿಬಿಟ್ಟರೆ ಎಂದು ಸ್ಕೂಟರ್ ಬಿಟ್ಟರು; ಕೀಲಿ ಗೋಡೆಯ ಮೊಳೆಗೆ ನೇತುಬಿತ್ತು. ಹರಿಹರಕ್ಕೆ ಹೋಗುವುದಿದ್ದರೂ ನನ್ನ ಕೈ ಹಿಡಿದು ಬಸ್ಸು ಹತ್ತುತ್ತಿದ್ದರು. ನನ್ನ ಸುಳ್ಳು ಅಜ್ಜಿಯನ್ನು ಮುಗಿಸಿ ಅವರ ಮಗನ ಹತ್ತಿರ ಬಂದಿತ್ತು.

ಕಳೆದ ವಾರ ಅಪ್ಪ ಅತ್ತೆಯ ಮನೆಯಿಂದ ತಂದ ಅಜ್ಜಿಯ ಗಾದಿಯನ್ನು ಬಿಚ್ಚಿ ಕೂತಿದ್ದರು. ಹತ್ತಿ ಗಂಟುಗಂಟಾಗಿತ್ತು; ಕೈಯಿಂದಲೇ ಹಿಂಜುತ್ತಿದ್ದರು. ನಾನು ಎದುರಿಗೆ ಕೂತು ಹೇಳಿದೆ.

“ಅಪ್ಪಾ, ಅಜ್ಜಿ ಮರ್ತಿರಲಿಲ್ಲ. ನಾನು ಎಬ್ಬಿಸಲೇ ಇಲ್ಲ. ಫೋನ್ ನೋಡ್ತಾ ಮಲಗಿಬಿಟ್ಟಿದ್ದೆ.”

ಅವರ ಕೈ ನಿಂತಿತು. ಬೈಯಲಿಲ್ಲ.

“ಹಂಗಾರೆ ಅವ್ವ ನಮ್ಮ ಮನಿಯಾಗೇ ಇರಬಹುದಿತ್ತು” ಎಂದರು.

ನಾನು ಹೌದೆಂದೆ. ಅಪ್ಪ ಎದ್ದು ಮೈಮೇಲಿನ ಹತ್ತಿ ಕೊಡವಿಕೊಂಡರು. ಟೋಪಿ ಹಾಕಿಕೊಂಡು, ಮೊಳೆಯಿಂದ ಸ್ಕೂಟರಿನ ಕೀಲಿ ತೆಗೆದುಕೊಂಡರು. ಹರಿಹರಕ್ಕೆ, ಅಜ್ಜಿಯ ಗೋರಿಯ ಹತ್ತಿರ ಎಂದು ಕೇಳದೆಯೂ ತಿಳಿಯಿತು. ರೂಢಿಯಂತೆ ನಾನೂ ಚಪ್ಪಲಿ ಮೆಟ್ಟಲು ಹೋದೆ.

“ನಾನೂ ಬರ್ಲಾ ಅಪ್ಪಾ?”

“ಬ್ಯಾಡ” ಎಂದು ಒಬ್ಬರೇ ಹೋದರು.