ಟೆಂಪೋ ಎಲ್ಲಿ ನಿಂತಿತ್ತು?

ಎರಡೂ ಕೈ ಮೇಲೆತ್ತಿ ಸೋಮನಾಥ ಬಾಳಿಕಾಯಿ "ಶಟರ್ ಡೌನ್‌ಗೆ..." ಎಂದು ಕೂಗಿದಾಗ ನಾವೆಲ್ಲ "ಜೈ" ಅನ್ನಬೇಕಿತ್ತು. ಅನ್ನುವಷ್ಟರಲ್ಲಿ ಪರ್ರ್ ಎಂಬ ಸದ್ದಾಯಿತು. ಇಪ್ಪತ್ತಾರು ವರ್ಷ ಹಳೆಯ, ಬ್ಯಾಂಡಿನ ಹೆಸರು ಅಚ್ಚಾಗಿದ್ದ ಅವನ ಟೀಶರ್ಟು ಕಂಕುಳಿನಿಂದ ಸೊಂಟದವರೆಗೆ ಬಾಯಿಬಿಟ್ಟಿತು. ಹಿಡಿದಿಡುವವರಿಲ್ಲದೆ ಮುಂಭಾಗವೆಲ್ಲ ಸುರುಳಿ ಸುತ್ತಿಕೊಂಡು ಹೊಟ್ಟೆಯ ಮೇಲಿಂದ ಗಂಟಲಿನತ್ತ ಏರಿತು. ಐವತ್ಮೂರು ವರ್ಷ ಬಟಾಟೆವಡೆ ತಿಂದು ಬೆಳೆಸಿದ ಹೊಟ್ಟೆ ಬೆಳಕು ಕಂಡಿತು.

"ಶಟರ್ ಡೌನ್ ಅಂತೀರಿ, ಅಪ್ ಆಯ್ತಲ್ಲ ಮಾರಾಯ್ರೆ" ಎಂದ ತಿಲಕ್ ಸಾಲಿಯಾನ್, ಅಡುಗೆಮನೆಯಿಂದ ಒಂದು ಸಪ್ಲಾಯರನ ನೀಲಿ ಅಂಗಿ ತರಿಸಿಕೊಟ್ಟ. ಮುಂಬಯಿಯ ಫೋರ್ಟಿನಲ್ಲಿ ಭಾನುವಾರ ಆಫೀಸುಗಳಿಲ್ಲ, ಗಿರಾಕಿಗಳಿಲ್ಲ. ಹಾಗಾಗಿ ತಿಲಕ್ ತನ್ನ ಉಡುಪಿ ಹೋಟೆಲಿನ ಮೇಲಂತಸ್ತನ್ನು ನಮ್ಮ ಅಭಿಮಾನಿ ಬಳಗಕ್ಕೆ ಪುಕ್ಕಟೆ ಕೊಡುತ್ತಿದ್ದ. ಪುಕ್ಕಟೆ ಕೊಟ್ಟವನಿಗೆ ಮುಂದೆ ಏನಾಯಿತೆಂದು ಹೇಳುತ್ತೇನೆ. ಅಂತೂ ಆ ದಿನ ನಲವತ್ತು ಜನರ ಹಣೆಬರಹ ಬರೆಯಲಿದ್ದ ನ್ಯಾಯಾಧೀಶರು ಸಪ್ಲಾಯರನ ಅಂಗಿಯಲ್ಲಿ ಕುಳಿತರು. ನೋಡಿದರೆ "ಒಂದು ಸಾದಾ ದೋಸೆ" ಅನ್ನಬೇಕೆನಿಸುತ್ತಿತ್ತು.

ಶಟರ್ ಡೌನ್ ಮುಂಬಯಿಯ ಕನ್ನಡ ರಾಕ್ ಬ್ಯಾಂಡು. ಅದು ಯಾಕೆ ಉದ್ಧಾರವಾಗಲಿಲ್ಲ ಎಂಬುದು ಈ ವಾಕ್ಯದಲ್ಲೇ ಇದೆ. ರಾಕ್ ಕೇಳುವವರಿಗೆ ಕನ್ನಡ ಬೇಡ. ಕನ್ನಡ ಸಂಘದವರಿಗೆ ರಾಕ್ ಎಂಬುದು ರಾಕ್ಷಸರ ಪೀಠಿಕೆ. ಧಾರಾವಿಯ ಒಂದು ಚರ್ಮದ ಗೋದಾಮಿನಲ್ಲಿ ಶಟರ್ ಎಳೆದುಕೊಂಡು ಅಭ್ಯಾಸ ಮಾಡುತ್ತಿದ್ದ ನಾಲ್ವರು ಹುಡುಗರು ಒಂದೇ ಒಂದು ಕ್ಯಾಸೆಟ್ ತಂದರು. ಅದರಲ್ಲಿ 'ನೀರು ಎರಡನೇ ಮಾಳಿಗೆಗೆ' ಎಂಬ ಹಾಡಿದೆ. ಮೊದಲರ್ಧ ಬರೀ ಡ್ರಮ್ಮು ಮತ್ತು ಖಾಲಿ ಬಕೆಟ್ಟು. ಗಿಟಾರ್ ಬರುವುದೇ ಇಲ್ಲವೇನೋ ಎಂದು ನೀವು ಕೈಬಿಡುವ ಹೊತ್ತಿಗೆ, ಚಾಳಿನ ನಲ್ಲಿಯಲ್ಲಿ ಮೊದಲು ಗಾಳಿ ಬಂದು ಆಮೇಲೆ ನೀರು ಬರುವಂತೆ, ಕೆಮ್ಮಿ ಕೆಮ್ಮಿ ಬರುತ್ತದೆ. ಬಂದಾಗ ಕುಣಿಯದವನು ಚಾಳಿನಲ್ಲಿ ಇದ್ದವನಲ್ಲ. 'ಸ್ಲೋ ಲೋಕಲ್'ನಲ್ಲಿ ಪ್ರತಿ ಚರಣದ ಕೊನೆಗೂ ತಾಳ ನಿಧಾನವಾಗಿ ನಿಂತು, ಯಾರೋ ಹತ್ತಿಕೊಂಡರೆಂಬಂತೆ ಮತ್ತೆ ಹೊರಡುತ್ತದೆ. ಹಾಡುಗಾರ ದೂಜ ಕರ್ಕೇರನದು ಇಂಪಾದ ಗಂಟಲಲ್ಲ, ಮರಳು ಕಾಗದ. ಆದರೆ ತುಕ್ಕು ತೆಗೆಯಲು ಬೇಕಾದದ್ದು ಅದೇ ತಾನೆ?

ಇಷ್ಟು ಒಳ್ಳೆಯ ಬ್ಯಾಂಡನ್ನು ಜಗತ್ತು ಗಮನಿಸಲಿಲ್ಲ ಎಂಬುದೇ ನಮ್ಮ ಬಳಗದ ಸ್ಥಿರಾಸ್ತಿ. ಬ್ಯಾಂಡಿಗೆ ಸಿಗದ ಮರ್ಯಾದೆಯ ಮೇಲೆ ನಾವು ಮರ್ಯಾದಸ್ಥರಾಗಿ ಬದುಕಿದ್ದೆವು. ಹೊಸಬನೊಬ್ಬ ಬಂದು "ನನಗೂ ಆ ಹಾಡು ಇಷ್ಟ" ಎಂದರೆ, ಮನೆಗೆ ಕಳ್ಳ ನುಗ್ಗಿದಂತೆ ನೋಡುತ್ತಿದ್ದೆವು. ಬಳಗದಲ್ಲಿ ಅಭಿಮಾನಕ್ಕಿಂತ ದುರಭಿಮಾನ ಹೆಚ್ಚು. ಆ ದುರಭಿಮಾನದ ತುತ್ತತುದಿಯಲ್ಲಿ ಇದ್ದದ್ದು ಬಾಂದ್ರಾ ಶೋ.

ತೊಂಬತ್ತೆಂಟರ ಒಂದು ಭಾನುವಾರ ಸಂಜೆ ಬಾಂದ್ರಾದ ಒಂದು ಹಳೆಯ ಮದುವೆ ಹಾಲಿನಲ್ಲಿ ಬ್ಯಾಂಡಿನ ಕೊನೆಯ ಶೋ ನಡೆಯಿತು. ಹಳಿ ದುರಸ್ತಿಗೆಂದು ರೈಲ್ವೆಯವರ ಬ್ಲಾಕು ಇದ್ದದ್ದರಿಂದ ಲೋಕಲ್‌ಗಳಿರಲಿಲ್ಲ. ಬಂದವರು ಹನ್ನೊಂದು ಜನ. ಆ ಹನ್ನೊಂದು ಜನರ ಮುಂದೆ ದೂಜ, ಅಲ್ಲೇ ನಿಂತ ನಿಲುವಿನಲ್ಲಿ ಕಟ್ಟಿ, ಒಂದು ಹಾಡು ಹಾಡಿದ. ಅದು ಎಲ್ಲೂ ರೆಕಾರ್ಡ್ ಆಗಲಿಲ್ಲ, ಮತ್ತೆಂದೂ ಹಾಡಲಿಲ್ಲ. ಅದೇ ಅವನ ಅತ್ಯುತ್ತಮ ಹಾಡೆಂದು ಕೇಳಿದವರ ಮಾತು. ಕೇಳಿದವರು ಹನ್ನೊಂದು ಜನರಾದರೂ ಹೇಳುವವರು ವರ್ಷಕ್ಕಿಷ್ಟು ಹೆಚ್ಚುತ್ತಾ ಬಂದರು. ಕಳೆದ ವರ್ಷದ ಲೆಕ್ಕದಲ್ಲಿ ಆ ಹಾಲಿನೊಳಗೆ ಮದುವೆ ದಿಬ್ಬಣವೇ ಕುಳಿತಿತ್ತು.

ಮುಂಬಯಿ ಕನ್ನಡಿಗರು ಮೂವರು ಸೇರಿದರೆ ಸಂಘ, ನಾಲ್ವರಾದರೆ ಸನ್ಮಾನ. "ಆ ಹನ್ನೊಂದು ಜನರಿಗೆ ದೂಜನ ಕೈಯಿಂದಲೇ ಶಾಲು ಹೊದಿಸೋಣ" ಎಂದು ಯಾರೋ ಅಂದರು, ಪಾಸಾಯಿತು, ನಾನೂ ಸೇರಿ ಒಂದು ಸನ್ಮಾನ ಸಮಿತಿಯಾಯಿತು. ದೂಜ ಈಗ ಧಾರಾವಿಯಲ್ಲಿ ಚರ್ಮದ ಬ್ಯಾಗಿನ ವರ್ಕ್‌ಶಾಪೊಂದರಲ್ಲಿ ಕಟಿಂಗ್ ಮಾಸ್ತರ. ಫೋನ್ ಮಾಡಿದಾಗ ಹೇಳಿದ:

"ಶಾಲು ಗೀಲು ಎಂತಕ್ಕೆ ಮಾರಾಯ್ರೆ? ನನಗೆ ಆ ಹಾಡು ಬೇಕು. ಆವತ್ತು ಎಷ್ಟು ಕುಡಿದಿದ್ದೆ ಅಂದ್ರೆ, ಹಾಡಿದ್ದು ನೆನಪುಂಟು, ಹಾಡು ನೆನಪಿಲ್ಲ. ಡ್ರಮ್ಮರ್ ಸತ್ತ. ಉಳಿದಿಬ್ಬರು ನನ್ನ ಫೋನ್ ಎತ್ತುದಿಲ್ಲ. ಕೇಳಿದವರು ಯಾರಾದ್ರೂ ನಿಜವಾಗ್ಲೂ ಇದ್ರೆ, ಅವರ ಬಾಯಿಂದ ಒಮ್ಮೆ ಕೇಳ್ಬೇಕು. ಅಷ್ಟಕ್ಕೇ ಬರ್ತೇನೆ."

"ಯಾರ್ಯಾರು ಬಂದಿದ್ದರು, ನೆನಪಿದೆಯಾ?"

"ಸೋಮ ಇದ್ದ. ಸಾಮಾನು ತಂದದ್ದು ಅವನೇ. ಅವನನ್ನು ಕೇಳಿ."

ಹೀಗೆ, ತಾವು ಅಲ್ಲಿದ್ದೆವೆಂದು ಹೆಸರು ಕೊಟ್ಟ ನಲವತ್ತು ಜನರಿಗೆ ಸೋಮನಾಥ ಸುಪ್ರೀಂ ಕೋರ್ಟಾದ.

ಅವನ ಬಗ್ಗೆ ಹೇಳುವುದು ಬಹಳವಿಲ್ಲ, ಅದೇ ಅವನ ದುಃಖ. ಹುಟ್ಟಿದ್ದು ಬೈಲಹೊಂಗಲದ ಕಡೆ, ಬೆಳೆದದ್ದು ಧಾರಾವಿಯ ಚಾಳಿನಲ್ಲಿ ದೂಜನ ಪಕ್ಕದ ಖೋಲಿಯಲ್ಲಿ. ಅಪ್ಪನದೊಂದು ಟೆಂಪೋ ಇತ್ತು, ಅದರಲ್ಲಿ ಬ್ಯಾಂಡಿನ ಸ್ಪೀಕರು, ಡ್ರಮ್ಮು ಸಾಗಿಸುತ್ತಿದ್ದ. ಅಪ್ಪ ಹೋದ, ಟೆಂಪೋ ಹೋಯಿತು, ಬ್ಯಾಂಡೂ ಹೋಯಿತು. ಈಗ ಬಂದರಿನ ಸರಕು ಬಿಡಿಸುವ ಫೋರ್ಟಿನ ಒಂದು ಕ್ಲಿಯರಿಂಗ್ ಕಂಪನಿಯಲ್ಲಿ ಡಿಸ್ಪ್ಯಾಚ್ ಕ್ಲರ್ಕು. ಅಲ್ಲಿ ಅವನ ಮಾತಿಗಿಂತ ಸ್ಟ್ಯಾಪ್ಲರಿನ ಸದ್ದಿಗೆ ಬೆಲೆ. ಭಾಂಡುಪಿನ ಮನೆಯಲ್ಲಿ ಹೆಂಡತಿ ವೈಶಾಲಿ ಸಹಕಾರಿ ಬ್ಯಾಂಕಿನ ಆಫೀಸರು. ಅವಳು ಬಳಗದ ವಿಷಯ ಬಂದಾಗ ಹೇಳುವುದು ಇಷ್ಟೇ: "ಹೋಗ್ಲಿ ಬಿಡ್ರಿ, ಅಲ್ಲ್ಯಾದ್ರೂ ಯಾರರ ಅವರ ಮಾತ ಕೇಳ್ತಾರಲ್ಲ." ಬಾಳೆಲ್ಲ ಕಾಯಿಯಾಗಿಯೇ ಕಳೆದ ಬಾಳಿಕಾಯಿಗೆ ಹಣ್ಣಾಗಲು ಸಿಕ್ಕ ಒಂದೇ ಅವಕಾಶ ಈ ವಿಚಾರಣೆ. ಅವನು ಕೊಳೆಯುವವರೆಗೂ ಹಣ್ಣಾದ.

ನಾನು ಕಲಿತ ಕಾನ್ವೆಂಟಿನಲ್ಲಿ ಒಬ್ಬರು ಸಿಸ್ಟರ್ ಇದ್ದರು. ಕನ್ನಡಕದ ಮೇಲಿಂದ ನೋಡಿದರೆ ಸಾಕು, ಮಾಡದ ಪಾಪವನ್ನೂ ಒಪ್ಪಿಕೊಳ್ಳುತ್ತಿದ್ದೆವು. ಸೋಮನಾಥ ಆ ದಿನ ಹಾಗೆ ನೋಡಿದ. ಅವನ ಪ್ರಶ್ನೆಗಳು ಎಲ್ಲರಿಗೂ ಒಂದೇ. ಮೊದಲು ಕರೆದದ್ದು ತಿಲಕನನ್ನು.

"ಟೆಂಪೋ ಎಲ್ಲಿ ನಿಂತಿತ್ತು?"

"ಟೆಂಪೋನಾ? ಹೊರಗೆ ಎಲ್ಲೋ ಇರ್ಬೇಕು ಸೋಮಣ್ಣ."

"ಎಲ್ಲೋ ಅಂದ್ರ? ಗೇಟಿನ ಎಡಕ್ಕೋ ಬಲಕ್ಕೋ?"

"ಬಲಕ್ಕೆ."

"ವಾಚ್‌ಮನ್ ಏನ ತಿನ್ನಾಕತ್ತಿದ್ದ?"

"ಅಯ್ಯೋ ದೇವರೆ. ನಾನು ಒಳಗೆ ಮುಂದಿನ ಕುರ್ಚಿಯಲ್ಲಿ ಕೂತವ. ವಾಚ್‌ಮನ್ ತಿಂದದ್ದು ನನಗೆ ಹೇಗೆ ಗೊತ್ತಾಗ್ಬೇಕು?"

"ಶೇಂಗಾ. ಟೆಂಪೋ ಎಡಕ್ಕಿತ್ತು. ನೀವು ಬಂದಿದ್ದಿಲ್ಲ ಸಾಲಿಯಾನರ. ನಡೀರಿ, ಎಲ್ಲಾರಿಗೂ ಚಾ ಹೇಳ್ರಿ."

ಸ್ವಂತ ಹೋಟೆಲಿನಲ್ಲಿ, ಸ್ವಂತ ಸಪ್ಲಾಯರನ ಅಂಗಿ ತೊಟ್ಟವನ ಬಾಯಿಂದ ಸುಳ್ಳುಗಾರನೆನಿಸಿಕೊಂಡು ತಿಲಕ್ ಚಹಾ ಹೇಳಲು ಕೆಳಗೆ ಹೋದ. ನಾವು ಸಮಿತಿಯವರು ನಕ್ಕೆವು. ಚಹಾ ಬಂದಾಗ ಸಕ್ಕರೆ ಕಡಿಮೆಯಿತ್ತು, ಅದಕ್ಕೂ ಅವನನ್ನೇ ಬೈದೆವು.

ಸಂಜೆಯ ಹೊತ್ತಿಗೆ ಇಪ್ಪತ್ತೊಂಬತ್ತು ಜನ ಉದುರಿದ್ದರು. ವಿಜಯಪುರದ ಶ್ರೀಮಂತ ಪಾಸಾದ. ಹೆಸರಿಗೆ ಶ್ರೀಮಂತನಾದರೂ ಸಿಗರೇಟನ್ನು ಎಂದೂ ಕೊಂಡು ಸೇದಿದವನಲ್ಲ. "ಟೆಂಪೋ ಎಡಕ್ಕ. ಹಿಂದಿನ ಬಾಗಲಕ್ಕ ತಂತಿ ಬಿಗದಿತ್ತು. ವಾಚ್‌ಮನ್ ಶೇಂಗಾ ತಿನಕೋತ ನನ್ನ ಕಡೆ ಬೆಂಕಿಪೆಟ್ಟಿಗಿ ಕೇಳಿದ" ಎಂದು ಪಟಪಟನೆ ಹೇಳಿದಾಗ ಸೋಮನಾಥ ಎದ್ದು ಅಪ್ಪಿಕೊಂಡ. ಅದೇ ರೀತಿ ಇನ್ನೂ ಕೆಲವರು ಪಾಸಾದರು. ಕೊನೆಗೆ ಒಂದು ಶಾಲು ಉಳಿಯಿತು, ಮತ್ತು ಶೀಲಾವತಿ ಟೀಚರ್ ಉಳಿದರು.

ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ರಾಕ್ ಬ್ಯಾಂಡಿನ ಅಭಿಮಾನಿಯೆಂದು ಹೇಳಿದರೆ ಸ್ವಂತ ಮಗಳೇ ನಂಬಳು. ಇವರು ಮಾತ್ರ ಇಷ್ಟೂ ವರ್ಷ ಎಲ್ಲ ಸಭೆಗಳಿಗೂ ಬಂದು, ಹಿಂದಿನ ಕುರ್ಚಿಯಲ್ಲಿ ಕುಳಿತು, ಬಾಂದ್ರಾ ಶೋ ಮಾತು ಬಂದಾಗಲೆಲ್ಲ ಸುಮ್ಮನೆ ನಗುತ್ತಿದ್ದರು.

"ಟೆಂಪೋ ಎಲ್ಲಿ ನಿಂತಿತ್ತು ಅಕ್ಕಾರ?"

"ನಾನು ಹಾಡು ಕೇಳ್ಲಿಕ್ಕೆ ಹೋದದ್ದು, ಟೆಂಪೋ ನೋಡ್ಲಿಕ್ಕೆ ಅಲ್ಲ."

"ವಾಚ್‌ಮನ್..."

"ಅವ ಏನು ಬೇಕಾದ್ರೂ ತಿನ್ಲಿ. ಸೋಮಣ್ಣ, ದೂಜಣ್ಣನಿಗೆ ಆ ಹಾಡು ಬೇಕಂತಲ್ಲ? ನನಗೆ ಶಾಲು ಬೇಡ. ಅವರ ಎದುರು ಒಮ್ಮೆ ಹಾಡ್ಲಿಕ್ಕೆ ಬಿಡಿ, ಸಾಕು. ಪೂರ್ತಿ ಬರ್ತದೆ ನನಗೆ."

ಯಾರೂ ಕೇಳದಿದ್ದರೂ ಹಾಡಿಯೇಬಿಟ್ಟರು. ಪ್ರಾರ್ಥನೆ ಹೇಳಿಸುವ ಟೀಚರ ದನಿ, ಆದರೆ ತಾಳಕ್ಕೆ ಮೇಜು ಬಡಿದ ರೀತಿ ಮಾತ್ರ ಶಾಲೆಯದಾಗಿರಲಿಲ್ಲ:

"ಅರ್ಧ ಶಟರಿನ ಕೆಳಗೆ ನಿನ್ನ ಕಾಲಷ್ಟೇ ಕಂಡೆ,
ಮುಖ ನೋಡಲು ಬಗ್ಗಿದಾಗ ರಸ್ತೆಯಷ್ಟೇ ಕಂಡೆ..."

ನನ್ನ ತೋಳಿನ ಕೂದಲು ನೆಟ್ಟಗಾದವು. ಶ್ರೀಮಂತ ಕೂಡ ಕೆಮ್ಮುವುದನ್ನು ನಿಲ್ಲಿಸಿದ. ಎಲ್ಲರೂ ಸೋಮನಾಥನ ಮುಖ ನೋಡಿದೆವು. ಅವನು ನಮ್ಮ ಮುಖ ನೋಡಿದ. ಆ ಒಂದು ಗಳಿಗೆ ಕುರ್ಚಿ ಅವನ ಕೆಳಗಿನಿಂದ ಸರಿಯುತ್ತಿರುವುದು ಅವನಿಗೂ ತಿಳಿದಿರಬೇಕು.

"ಹಾಡ ಯಾರ ಬೇಕಾದ್ರೂ ಕಟ್ಟಬಹುದ್ರೀ. ನೀವು ಟೀಚರು, ನಿಮಗ ಪ್ರಾಸ ಹೊಂದಸೂದು ಏನ ದೊಡ್ಡ ಮಾತು? ಇದ್ದವರಿಗೆ ಟೆಂಪೋ ಗೊತ್ತಿರ್ತದ. ನಿಮಗ ಗೊತ್ತಿಲ್ಲ."

"ನಾನು ಸುಳ್ಳು ಹೇಳ್ತಾ ಇದ್ದೇನೆ ಅಂತೀರಾ?"

"ನಾ ಅನ್ನೂದಿಲ್ಲ. ಟೆಂಪೋ ಅಂತದ."

ನಾವು ಮತ್ತೆ ನಕ್ಕೆವು. ನಗು ಮುಗಿಯುವ ಹೊತ್ತಿಗೆ ಆ ಎರಡು ಸಾಲು ನಮ್ಮ ಕಿವಿಗೂ ಸಪ್ಪೆಯಾಗಿದ್ದವು. "ಶಾಲಾ ವಾರ್ಷಿಕೋತ್ಸವದ ಹಾಡಿನ ಹಾಗಿದೆ" ಎಂದು ಸಮಿತಿಯ ಒಬ್ಬರು ಅಂದರು, ಉಳಿದವರು ಹೌದೆಂದೆವು. ನಾನಂತೂ "ಟೀಚರ್ ಅಲ್ಲ, ಚೀಟರ್" ಎಂದು ಒಂದು ಎಸೆದೆ. ಒಳ್ಳೆಯ ನಗು ಬಿತ್ತು.

ಶೀಲಾವತಿ ಟೀಚರ್ ಚೀಲ ಹೆಗಲಿಗೇರಿಸಿಕೊಂಡರು. "ಹಾಗಾದ್ರೆ ನಾನು ಅದನ್ನು ಕೇಳ್ಲೇ ಇಲ್ಲ ಅಂತ ಆಯ್ತು. ಸರಿ, ಇನ್ನು ಹಾಡುದಿಲ್ಲ" ಎಂದರು. ಮೆಟ್ಟಿಲಿಳಿದು ಹೋಗುವಾಗ ತಿಲಕ್ ಕೆಳಗೆ "ಕಾಫಿ ಕುಡಿದು ಹೋಗಿ ಟೀಚರ್" ಎಂದದ್ದು ಕೇಳಿಸಿತು. ಬಳಗದ ವಾಟ್ಸಾಪ್ ಗುಂಪಿನಿಂದ ಟೀಚರ್ ಅದೇ ಸಂಜೆ ಹೊರಬಿದ್ದರು. ಹನ್ನೊಂದನೆಯ ಶಾಲನ್ನು ಸೋಮನಾಥ ತನಗೇ ಇಟ್ಟುಕೊಂಡ.

ಸನ್ಮಾನ ಎರಡು ವಾರದ ನಂತರ, ಅದೇ ಮೇಲಂತಸ್ತಿನಲ್ಲಿ, ಭಾನುವಾರ ಮಧ್ಯಾಹ್ನ ನಡೆಯಿತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಯಾವುದನ್ನೂ ನಾವು ಬಿಡಲಿಲ್ಲ. ದೂಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಚರ್ಮ ಕತ್ತರಿಸಿ ಕತ್ತರಿಸಿ ಎಡಗೈಯ ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಪಕ್ಕದಲ್ಲಿ ಯಾರದೋ ಹತ್ತಿರ ಬೇಡಿ ತಂದ ಗಿಟಾರ್ ಒರಗಿಸಿಟ್ಟಿದ್ದ. ಹಾಡು ಸಿಕ್ಕರೆ ಅಲ್ಲೇ ನುಡಿಸಿ ನೋಡಬೇಕೆಂದಿರಬೇಕು.

ಒಬ್ಬೊಬ್ಬರಿಗೂ ಶಾಲು ಹೊದಿಸಿ, ಕಿವಿಯ ಹತ್ತಿರ ಬಾಗಿ, ದೂಜ ಅದೊಂದನ್ನೇ ಕೇಳಿದ. ಶ್ರೀಮಂತ "ಭಾರೀ ಹಾಡು, ಭಾರೀ ಹಾಡು" ಎಂದು ಫೋಟೋದ ಕಡೆ ತಿರುಗಿದ. ಇನ್ನೊಬ್ಬ "ಶಬ್ದ ನೆನಪಿಲ್ಲ, ಎಫೆಕ್ಟ್ ನೆನಪಿದೆ" ಎಂದ. ಮತ್ತೊಬ್ಬ ತನಗೆ ಆಗ ಮೂತ್ರಕ್ಕೆ ಅವಸರವಾಗಿತ್ತೆಂದು ಒಪ್ಪಿಕೊಂಡ. ಶಾಲುಗಳು ಕಡಿಮೆಯಾದಂತೆ ದೂಜನ ಪ್ರಶ್ನೆ ಗಟ್ಟಿಯಾಗುತ್ತಾ ಹೋಯಿತು. ಕೊನೆಗೆ ಮೈಕು ಇರುವುದನ್ನೂ ಮರೆತು ಅವನು ಸೋಮನಾಥನ ಎರಡೂ ಭುಜ ಹಿಡಿದುಕೊಂಡ.

"ಸೋಮ, ನೀನೊಬ್ಬ ಉಳಿದದ್ದು. ಚಿಕ್ಕಂದಿನಿಂದ ಜೊತೆಗಿದ್ದವ ನೀನು. ಆ ಹಾಡು ಹೇಗಿತ್ತು ಮಾರಾಯ? ಎರಡು ಸಾಲು ಸಾಕು."

ಸೋಮನಾಥ ಜಾರುತ್ತಿದ್ದ ಶಾಲನ್ನು ಹೆಗಲಿಗೆ ಎಳೆದುಕೊಂಡ. ಗೆಳೆಯ ಇಷ್ಟು ಸಣ್ಣ ವಿಷಯ ಮರೆತದ್ದು ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

"ನಾ ಹ್ಯಾಂಗ ಕೇಳ್ಲೋ ದೂಜಾ? ಪೊಲೀಸರು ಟೋ ಮಾಡಿ ಎಳಕೊಂಡ ಹೋಗ್ತಾರ, ಗಾಡಿ ಬಿಟ್ಟ ಅಲ್ಲಾಡಬ್ಯಾಡ ಅಂತ ನೀನ ಹೇಳಿದ್ದೆಲ್ಲ. ನಾ ಟೆಂಪೋದ ಕಾಜ ಏರಿಸಿಕೊಂಡ ಒಳಗ ಕುಂತ ರೇಡಿಯೋದಾಗ ಮ್ಯಾಚ್ ಕೇಳಾಕತ್ತಿದ್ನಿ. ಕಡೀ ಓವರ್‌ನಾಗ ಸೋತ್ವಿ."